ಎರಡು ಪೆಟ್ಟಿಗೆಯ ಕೆಂಪು ಹಕ್ಕಿ

ನಾನು ಒಂದು ಮರದ ಹಕ್ಕಿ. ಮೈಯೆಲ್ಲ ಕೆಂಪು, ರೆಕ್ಕೆ ಮತ್ತು ಬಾಲ ಕಪ್ಪು. ಒಂದು ಅಂಗೈಯಲ್ಲಿ ಹಿಡಿಸುವಷ್ಟೇ ಗಾತ್ರ. ನನ್ನ ರೂಪದ ಜೀವಂತ ಹಕ್ಕಿಗಳು ಬೇಸಿಗೆಯಲ್ಲಿ ಉತ್ತರ ಅಮೆರಿಕದ ಕಾಡುಗಳಲ್ಲಿ ಹಾಡುತ್ತವಂತೆ. ಚಳಿ ಹತ್ತಿರವಾದಾಗ ಕಡಲು ದಾಟಿ ದಕ್ಷಿಣಕ್ಕೆ ಹೋಗುತ್ತವಂತೆ. ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಬೆಳೆದದ್ದೂ ಅಲ್ಲೇ. ಜೀವಮಾನದಲ್ಲಿ ಹಾರಿದ್ದು ಒಂದೇ ಸಲ, ಅದೂ ಒಬ್ಬ ವಿದ್ಯಾರ್ಥಿ ಕೈಜಾರಿ ಬಿಟ್ಟಾಗ, ಮೇಜಿನಿಂದ ನೆಲಕ್ಕೆ. ಆದರೂ ನನಗೊಂದು ಜಂಬವಿದೆ. ನನ್ನ ವಂಶ ಯಾವುದೆಂದು ದೊಡ್ಡ ದೊಡ್ಡ ಪಂಡಿತರೇ ಬಹುಕಾಲ ತಪ್ಪು ತಿಳಿದಿದ್ದರು. ಆ ತಪ್ಪು ಸರಿಹೋದ ವರ್ಷ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಹೇಳಬೇಕೆಂದೇ ಬಾಯಿ ತೆರೆದಿದ್ದೇನೆ.

ನನ್ನ ಮೂಲ ಒಂದು ಹಾಲೆ ಮರದ ಕೊಂಬೆ. ಹೆಸರಿಗೆ ತಕ್ಕಂತೆ ಬಿಳಿಯ, ಹಗುರವಾದ ಮರ ಅದು. ಅದನ್ನು ತಿಂಗಳುಗಟ್ಟಲೆ ಒಣಗಿಸಿ, ತುಂಡು ಮಾಡಿ, ಗಿರಗಿರನೆ ತಿರುಗುವ ಲೇತಿಗೆ ಕಚ್ಚಿಸಿ, ಉಳಿ ಹಿಡಿದು ನನಗೆ ಆಕಾರ ಕೊಟ್ಟವರು ಬುಡೇನ್ ಸಾಬರು. ತಿರುಗುತ್ತಿದ್ದ ನನ್ನ ಮೈಗೆ ಕೆಂಪು ಅರಗಿನ ಕಡ್ಡಿ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ನನ್ನನ್ನು ಹೊದಿಸಿತು. ಆಮೇಲೆ ತಾಳೆಗರಿಯಿಂದ ತಿಕ್ಕಿ ತಿಕ್ಕಿ ಹೊಳಪು ತಂದರು. ರೆಕ್ಕೆಗಳನ್ನು ಬೇರೆಯಾಗಿ ಕೆತ್ತಿ, ಕಪ್ಪು ಬಳಿದು ಅಂಟಿಸಿದರು. ಕಾಲುಗಳು ಮಾತ್ರ ನನಗಿಲ್ಲ. ಮಲಗಿಯೇ ಇರಬೇಕಾದವನಿಗೆ ಕಾಲು ಯಾಕೆ ಎಂದು ಬಿಟ್ಟಿರಬೇಕು.

ಸಾಬರ ಕೈಯಲ್ಲಿ ಅದುವರೆಗೆ ಆಗಿದ್ದ ಹಕ್ಕಿಗಳೆಂದರೆ ಗಿಣಿ, ನವಿಲು, ಚಕ್ರ ಹಾಕಿದ ಬಾತುಕೋಳಿ. ನಮ್ಮಂಥ ಪರದೇಶದ ಹಕ್ಕಿಗಳ ಚಿತ್ರ ಹಿಡಿದು ಅವರ ಅಂಗಡಿಗೆ ಬಂದವರು ಜಯಶೀಲ ಮೇಡಂ. ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಬಿಗಿಯಾಗಿ ಕಟ್ಟಿದ ಗಂಟು, ಮಾತಿನಲ್ಲಿ ಒಂದು ಪದ ಹೆಚ್ಚಿಲ್ಲ. ಅವರ ಪ್ರಯೋಗಾಲಯದಲ್ಲಿ ಹಕ್ಕಿ ಎಂದು ಇದ್ದದ್ದು ಹುಲ್ಲು ತುಂಬಿದ ಒಂದು ಹದ್ದು, ಅದಕ್ಕೂ ಒಂದು ಕಣ್ಣು ಉದುರಿಹೋಗಿತ್ತು. ಪುಸ್ತಕದ ಚಿತ್ರದಲ್ಲಿ ಹಕ್ಕಿ ಚಪ್ಪಟೆ, ಕೊಕ್ಕು ಎಷ್ಟು ದಪ್ಪ ಅಂತ ಹುಡುಗರಿಗೆ ಕೈಗೇ ತಿಳಿಯಬೇಕು ಎಂಬುದು ಅವರ ಹಟ.

"ಸಾಬ್ರೇ, ಒಂದೊಂದು ವಂಶಕ್ಕೆ ಒಂದೊಂದು ಪೆಟ್ಟಿಗೆ. ಒಂದು ಪೆಟ್ಟಿಗೆ ಹಕ್ಕಿ ಇನ್ನೊಂದರಲ್ಲಿ ಸೇರಬಾರದು," ಎಂದರು.

"ಸಂಸಾರಕ್ಕೊಂದು ಮನೆ ಅನ್ನಿ ಮೇಡಂ," ಎಂದು ಸಾಬರು ನಕ್ಕರು.

"ಹಾಗೇ ಅನ್ಕೊಳ್ಳಿ."

ಸಾಬರು ಹಾಗೆಯೇ ಅಂದುಕೊಂಡರು. ಹಲಸಿನ ಹಲಗೆಯ ಪೆಟ್ಟಿಗೆ ಮಾಡಿ, ಒಳಗೆ ಪ್ರತಿ ಹಕ್ಕಿಯ ಮೈಯಳತೆಗೆ ಸರಿಯಾಗಿ ಒಂದೊಂದು ಗುಳಿ ಕೊರೆದರು. ನನ್ನ ಗುಳಿಯಲ್ಲಿ ನಾನು ಬಿಟ್ಟರೆ ಬೇರೆ ಯಾರೂ ಹಿಡಿಸುವಂತಿರಲಿಲ್ಲ.

ಆದರೆ ನನ್ನ ಹುಟ್ಟಿನಲ್ಲೇ ಒಂದು ಎಡವಟ್ಟಾಯಿತು. ನನಗೆಂದು ಆರಿಸಿದ ತುಂಡಿನ ನಡುವೆ ಸೀಳು ಬಿಟ್ಟಿತ್ತು. ಎಸೆಯುವುದೇಕೆ ಎಂದು ಸಾಬರು ಆ ಭಾಗವನ್ನು ಕೊರೆದು ತೆಗೆದು, ನನ್ನನ್ನು ಒಳಗೆ ಟೊಳ್ಳಾಗಿ ಎರಡು ಹೋಳಿನಲ್ಲಿ ಮಾಡಿದರು. ಆಮೇಲೆ ಹೋಳುಗಳನ್ನು ಕೂಡಿಸಬೇಕಲ್ಲ, ಆಗ ಅವರ ಕೈ ಅವರನ್ನು ಕೇಳಲಿಲ್ಲ. ಹುಡುಗನಾಗಿದ್ದಾಗಿನಿಂದ ಟೊಳ್ಳು ಬೊಂಬೆ ಕಂಡರೆ ಒಳಗೆ ನಾಲ್ಕು ಹರಳುಕಲ್ಲು ಹಾಕಿ ಮುಚ್ಚಿದ ಕೈ ಅದು. ಟೊಳ್ಳು ಎಂದರೆ ಅವರಿಗೆ ಮಕ್ಕಳ ಗಿಲಕಿ ಎಂದೇ ಅರ್ಥ. ಹಾಕಿದರು, ಅಂಟು ಸವರಿ ಮುಚ್ಚಿದರು, ಮೇಲೆ ಅರಗು ಏರಿಸಿದರು. ಮೇಡಂ ಬಂದು ನನ್ನನ್ನು ಎತ್ತಿದಾಗ ನಾನು 'ಗಿಲಕ್' ಎಂದೆ.

"ಇದೇನು ಸಾಬ್ರೇ! ನಾನು ಹೇಳಿದ್ದು ಹಕ್ಕಿ, ಗಿಲಕಿ ಅಲ್ಲ!"

"ಅರೆ, ಕೈ ತಪ್ಪಿ ಆಗೋಯ್ತು ಮೇಡಂ. ತೆಗೀಬೇಕಂದ್ರೆ ಒಡೀಬೇಕು. ಹಾಡೋ ಹಕ್ಕಿ ಅಂತ ನೀವೇ ಹೇಳಿದ್ರಿ ಅಲ್ಲ? ಇವನು ಒಬ್ಬನಾದ್ರೂ ಹಾಡ್ಲಿ ಬಿಡಿ."

ಮೇಡಂ ನಗಲಿಲ್ಲ. ಆದರೆ ಒಡೆಯಲೂ ಬಿಡಲಿಲ್ಲ. ಹಾಡುಹಕ್ಕಿಗಳ ಕುಲದಲ್ಲಿ ಹುಟ್ಟಿದ ನನಗೆ ದಕ್ಕಿದ ದನಿ ಅಷ್ಟೇ, ನಾಲ್ಕು ಹರಳಿನ ಗಿಲಕು. ಇವತ್ತಿಗೂ ಅದರ ಬಗ್ಗೆ ನನಗೆ ಬೇಸರವಿಲ್ಲ.

ನನ್ನ ಹೆಸರು ಸ್ಕಾರ್ಲೆಟ್ ಟ್ಯಾನೇಜರ್. ಹಾಗಾಗಿ ಟ್ಯಾನೇಜರ್ ವಂಶದ ಪೆಟ್ಟಿಗೆಯಲ್ಲಿ ನನ್ನ ಜಾಗ. ಅಕ್ಕಪಕ್ಕದಲ್ಲಿ ನೀಲಿ, ಹಸಿರು, ಹಳದಿ ಬಳಿದುಕೊಂಡ ನೆಂಟರು. ನಮ್ಮ ಪೆಟ್ಟಿಗೆಯ ಕೆಳಗಿನದು ಕಾರ್ಡಿನಲ್ ವಂಶದ್ದು. ತರಗತಿಯ ದಿನ ಎರಡನ್ನೂ ಮೇಜಿನ ಮೇಲೆ ತೆರೆದಿಟ್ಟಾಗ ಅವರು ಕಾಣುತ್ತಿದ್ದರು. ಕೆಂಪು ಜುಟ್ಟಿನ ಕಾರ್ಡಿನಲ್, ಎದೆಗೆ ಗುಲಾಬಿ ಬಣ್ಣ ಚೆಲ್ಲಿಕೊಂಡ ದಪ್ಪ ಕೊಕ್ಕಿನವನು, ಇಂಕಿನಲ್ಲಿ ಅದ್ದಿ ತೆಗೆದಂಥ ಪುಟ್ಟ ನೀಲಿ ಬಂಟಿಂಗ್. ಕಾರ್ಡಿನಲ್ ಎಂಬ ಹೆಸರು ಬಂದದ್ದು ರೋಮಿನ ದೊಡ್ಡ ಪಾದ್ರಿಗಳ ಕೆಂಪು ನಿಲುವಂಗಿಯಿಂದ ಎಂದು ಮೇಡಂ ಪಾಠ ಹೇಳುವಾಗ ಆ ಜುಟ್ಟಿನವನು ಇನ್ನಷ್ಟು ಸೆಟೆದುಕೊಂಡ ಹಾಗೆ ನನಗೆ ಅನ್ನಿಸುತ್ತಿತ್ತು. ನಾನೂ ಕೆಂಪೇ. ಆದರೆ ನನ್ನನ್ನು ಕೇಳುವವರು ಯಾರು?

"ಬಣ್ಣ ನೋಡಿ ಮೋಸ ಹೋಗಬೇಡಿ. ಕೊಕ್ಕು ಮುಟ್ಟಿ ನೋಡಿ," ಎನ್ನುತ್ತಿದ್ದರು ಮೇಡಂ. "ಕಾರ್ಡಿನಲ್‌ದು ಗಿಡ್ಡ, ದಪ್ಪ, ಗಟ್ಟಿ ಬೀಜ ಒಡೆಯೋ ಕೊಕ್ಕು. ಟ್ಯಾನೇಜರ್‌ದು ಹಣ್ಣು, ಹುಳ ತಿನ್ನೋದು."

ಹುಡುಗರು ನನ್ನ ಕೊಕ್ಕು ಮುಟ್ಟುವ ನೆಪದಲ್ಲಿ ನನ್ನನ್ನು ಅಲ್ಲಾಡಿಸಿ ಗಿಲಕ್ ಎನ್ನಿಸಿ ಮುಸಿಮುಸಿ ನಗುತ್ತಿದ್ದರು. ನನ್ನ ಕೊಕ್ಕು ಹೆಸರಿಗೆ ಟ್ಯಾನೇಜರ್ ಆದರೂ ಸ್ವಲ್ಪ ದಪ್ಪವೇ. ಅದನ್ನು ಯಾರೂ ಗಮನಿಸಲಿಲ್ಲ, ನಾನೂ ಗಮನಿಸಿರಲಿಲ್ಲ.

ಪ್ರಯೋಗಾಲಯದಲ್ಲಿ ನಮ್ಮನ್ನು ಒರೆಸಿ ಇಡುತ್ತಿದ್ದವಳು ಅಟೆಂಡರ್ ಕೋಮಲ. ಲಾರಿ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡಾಗ ಬಸುರಿ. ಹೆರಿಗೆಯಾದ ಮೇಲೆ ಮಗು ನೋಡಿಕೊಳ್ಳಲು ಯಾರೂ ಇರಲಿಲ್ಲ, ಜೊತೆಗೇ ತಂದಳು. ಮೂಲೆಯಲ್ಲಿ ಹಳೆಯ ಸೀರೆಯ ಜೋಲಿ ಕಟ್ಟಿದಳು. ಪ್ರಾಣಿಶಾಸ್ತ್ರದ ಪಾಠದ ನಡುವೆ ಮಗು ಕಿಟಾರನೆ ಅತ್ತರೆ ಕೋಮಲಳ ಮುಖ ಬಿಳಿಚಿಕೊಳ್ಳುತ್ತಿತ್ತು. ಒಂದು ದಿನ ಮಗು ಯಾವುದಕ್ಕೂ ಸುಮ್ಮನಾಗಲಿಲ್ಲ. ಮೇಡಂ ಪಾಠ ನಿಲ್ಲಿಸಿದರು. ಬೈಯುತ್ತಾರೆ ಎಂದು ಎಲ್ಲರೂ ಕಾದರು. ಅವರು ಪೆಟ್ಟಿಗೆಯಿಂದ ನನ್ನನ್ನು ಎತ್ತಿ, ಜೋಲಿಯ ಹತ್ತಿರ ಹೋಗಿ, ಅಲ್ಲಾಡಿಸಿದರು.

ಗಿಲಕ್, ಗಿಲಕ್.

ಮಗು ಅಳು ನಿಲ್ಲಿಸಿ ನನ್ನನ್ನೇ ನೋಡಿತು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ನನ್ನ ಬದುಕು ಸಾರ್ಥಕವಾಯಿತು ಎಂದು ನಾನು ಆ ಗಳಿಗೆಯಲ್ಲೇ ತೀರ್ಮಾನಿಸಿದೆ.

"ಕೋಮಲ, ಪಾಠ ಮುಗಿದ ಮೇಲೆ ಮಾತ್ರ ಕೊಡು. ಬಾಯಿಗೆ ಹಾಕ್ಕೊಳ್ಳೋಕೆ ಬಿಡಬೇಡ," ಎಂದರು ಮೇಡಂ. ಆದರೆ ಆಮೇಲಾಮೇಲೆ ಪಾಠ ಮುಗಿಯುವುದನ್ನು ಅವರೇ ಕಾಯುತ್ತಿರಲಿಲ್ಲ. ಮಗುವಿನ ಹೆಸರು ತೇಜಸ್ವಿನಿ. ಎಲ್ಲರಿಗೂ ತೇಜು.

ತೇಜು ಅಂಗಳದಲ್ಲಿ ಓಡಾಡುವ ಹೊತ್ತಿಗೆ ಕೋಮಲಳಿಗೆ ಕಾಮಾಲೆ ಬಂತು. ನಾಟಿ ಔಷಧ, ಆಸ್ಪತ್ರೆ ಎರಡೂ ಆಯಿತು. ಉಳಿಯಲಿಲ್ಲ. ನಮ್ಮನ್ನು ಒರೆಸುತ್ತಿದ್ದ ಹಳದಿ ಬಟ್ಟೆ ಬಹಳ ದಿನ ಕಿಟಕಿಯ ಸರಳಿನ ಮೇಲೆ ಹಾಗೇ ನೇತಾಡುತ್ತಿತ್ತು. ಅದನ್ನು ತೆಗೆಯಲು ಮೇಡಂ ಯಾರಿಗೂ ಬಿಡಲಿಲ್ಲ.

ಕೋಮಲಳಿಗೆ ಒಬ್ಬನೇ ತಮ್ಮ, ಸಿದ್ದರಾಜು. ರಾಮನಗರದ ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಆಗಿನ್ನೂ ಮದುವೆಯಾಗಿರಲಿಲ್ಲ, ನಾಲ್ಕು ಜನ ಸೇರಿ ಒಂದು ಕೋಣೆಯಲ್ಲಿದ್ದರು. ಅಕ್ಕನ ತಿಥಿ ಕೆಲಸವೆಲ್ಲ ಮುಗಿದ ಮೇಲೆ ಕಾಲೇಜಿಗೆ ಬಂದು ಮೇಡಂ ಮುಂದೆ ಕೈಕಟ್ಟಿ ನಿಂತರು.

"ಒಂದೀಟು ದಿನ ಮಗೀನ ನೀವು ನೋಡ್ಕಳಿ ಮೇಡಂ. ನಾನೊಂದು ನೆಲೆ ಕಂಡ್ಕಂಡ ಮ್ಯಾಲೆ ಕರ್ಕೊಂಡೋಯ್ತೀನಿ."

"ಅದಕ್ಕೇನು? ನಿಮ್ಮ ಮಗು. ನೀವು ಯಾವಾಗ ಬಂದರೂ ಸರಿ," ಎಂದರು ಮೇಡಂ.

ಹಾಗೆ ತೇಜು ಮೇಡಂ ಮನೆಗೆ ಬಂದಳು. ಹೆಚ್ಚುಕಡಿಮೆ ಅದೇ ಸಮಯಕ್ಕೆ ನಾವೂ ಬಂದೆವು. ಪ್ರಯೋಗಾಲಯದ ಕಪಾಟಿಗೆ ಗೆದ್ದಲು ಹತ್ತಿತ್ತು. ಅಲ್ಲಿಂದ ಮುಂದೆ ಪೆಟ್ಟಿಗೆಗಳ ವಾಸ ಮನೆಯ ಗೋಡೆಯ ಶೆಲ್ಫಿನಲ್ಲಿ, ಪಾಠವಿದ್ದ ದಿನ ಮಾತ್ರ ಆಟೋದಲ್ಲಿ ಕಾಲೇಜಿಗೆ. ಎಲ್ಲರೂ ಮೇಡಂ ಎನ್ನುವುದನ್ನು ಕೇಳಿದ್ದ ತೇಜು ಅದಕ್ಕೆ ತನ್ನದೇ ಒಂದು ಬಾಲ ಸೇರಿಸಿ 'ಮೇಡಮ್ಮ' ಎಂದು ಕರೆದಳು. ಅಮ್ಮ ಎನ್ನು ಎಂದು ಮೇಡಂ ಎಂದೂ ಹೇಳಿಕೊಡಲಿಲ್ಲ. ಬೇರೆಯವರ ಮಗುವಿಗೆ ಹಾಗೆ ಹೇಳಿಕೊಡುವುದು ಸರಿಯಲ್ಲ ಎಂದು ಅವರ ಎಣಿಕೆ. ಆದರೆ ಮಗುವಿಗೆ ಜ್ವರ ಬಂದಾಗ ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಜಡೆ ಹೆಣೆಯಲು ಬಾರದೆ ಪಕ್ಕದ ಮನೆಯವರಿಂದ ಕಲಿತರು. ಬೆಂಡೆಕಾಯಿ ಎಂದರೆ ಮುಖ ತಿರುಗಿಸುತ್ತಿದ್ದವರು ತೇಜುಗೆ ಇಷ್ಟವೆಂದು ವಾರಕ್ಕೆರಡು ಸಲ ಮಾಡತೊಡಗಿದರು. ಶೆಲ್ಫಿನ ಮೇಲೆ ಮಲಗಿದ್ದರೂ ನನಗೆ ಮನೆಯ ವಾಸನೆ, ಸದ್ದು ಎಲ್ಲ ಗೊತ್ತಾಗುತ್ತಿತ್ತು.

ಶಾಲೆಯಿಂದ ಬಂದೊಡನೆ ತೇಜು ಸ್ಟೂಲು ಹತ್ತಿ ನಮ್ಮ ಪೆಟ್ಟಿಗೆ ತೆರೆದು, ನನ್ನನ್ನು ಎತ್ತಿ ಒಮ್ಮೆ ಗಿಲಕ್ ಎನ್ನಿಸಿ, ಮತ್ತೆ ಗುಳಿಯಲ್ಲಿ ಮಲಗಿಸಿ ಮುಚ್ಚುತ್ತಿದ್ದಳು. ಅಡುಗೆಮನೆಯಿಂದ ಮೇಡಂ, "ಬಂದೆಯೇನೇ?" ಎನ್ನುತ್ತಿದ್ದರು. ಬಾಗಿಲು ತಟ್ಟಿದ ಸದ್ದಿಗಿಂತ ನನ್ನ ಸದ್ದೇ ಅವರಿಗೆ ಗುರುತು.

ಸಿದ್ದರಾಜು ಪ್ರತಿ ಯುಗಾದಿಗೆ ಹೊಸ ಫ್ರಾಕು ಹಿಡಿದು ಬರುತ್ತಿದ್ದರು. ಅವರಿಗೆ ಮದುವೆಯಾಯಿತು, ಕೆಲಸ ಗಟ್ಟಿಯಾಯಿತು. ಬಂದಾಗಲೆಲ್ಲ ಹೊರಡುವ ಮುಂಚೆ, "ನಿಮ್ಗೆ ತೊಂದ್ರೆ ಆಯ್ತಾ ಅದೇನೋ," ಎನ್ನುವರು. ಮೇಡಂ, "ತೊಂದರೆ ಏನಿಲ್ಲ. ನಿಮ್ಮ ಮಗು, ನೀವು ಯಾವಾಗ ಕರೆದುಕೊಂಡು ಹೋದರೂ ಸರಿ," ಎನ್ನುವರು. ಪ್ರತಿ ವರ್ಷವೂ ಅವೇ ಮಾತು. ಅವರು ಹೋದ ಮೇಲೆ ಮೇಡಂ ಬಾಗಿಲು ಹಾಕಿ ಅಲ್ಲೇ ಸ್ವಲ್ಪ ಹೊತ್ತು ನಿಂತಿರುತ್ತಿದ್ದರು.

ತೇಜು ಮೂರನೇ ಕ್ಲಾಸಿನಲ್ಲಿದ್ದಾಗ ಮೇಡಂ ಮೈಸೂರಿಗೆ ಒಂದು ಕಾರ್ಯಾಗಾರಕ್ಕೆ ಹೋಗಿ ಬಂದರು. ಬಂದವರು ಕೈಚೀಲ ಕೂಡ ಕೆಳಗಿಡದೆ ಶೆಲ್ಫಿನ ಮುಂದೆ ನಿಂತು ನಮ್ಮ ಪೆಟ್ಟಿಗೆ ತೆರೆದರು. ನನ್ನನ್ನು ಎತ್ತಿಕೊಂಡು ಬಹಳ ಹೊತ್ತು ಕೊಕ್ಕನ್ನೇ ನೋಡಿದರು. ತೇಜು ಪಕ್ಕದಲ್ಲಿ ಬಂದು ನಿಂತಳು.

"ಯಾಕೆ ಮೇಡಮ್ಮ ಇವನ್ನ ತೆಗೀತಿದ್ದೀರಾ?"

"ಇವನು ಈ ಮನೆಯವನಲ್ಲವಂತೆ ಕಣೇ. ಇಷ್ಟು ದಿನ ಎಲ್ಲರೂ ತಪ್ಪು ತಿಳ್ಕೊಂಡಿದ್ವಿ. ರೂಪ ನೋಡಿ ಇಲ್ಲಿಟ್ಟಿದ್ವಿ. ಈಗ ರಕ್ತ ತೆಗೆದು ಪರೀಕ್ಷೆ ಮಾಡಿದ್ದಾರೆ. ಇವನು ಕಾರ್ಡಿನಲ್ ವಂಶದವನು."

"ಆದ್ರೆ ಇಷ್ಟು ದಿನ ಇಲ್ಲೇ ಇದ್ನಲ್ಲ?"

"ಇದ್ದ. ರಕ್ತ ಹೇಳಿದ ಮೇಲೆ ಮುಗೀತಲ್ಲ. ಯಾರ ಜಾಗ ಎಲ್ಲೋ ಅಲ್ಲಿಗೆ ಹೋಗಲೇಬೇಕು."

ಮೇಡಂ ಹೇಳಿದ್ದು ಹಕ್ಕಿಯ ವಿಷಯ. ನಾನು ತೇಜುವಿನ ಮುಖ ನೋಡುತ್ತಿದ್ದೆ. ಅವಳು ಕೇಳಿಸಿಕೊಂಡದ್ದು ಬೇರೆಯೇ ಎಂದು ನನಗೆ ಅನ್ನಿಸಿತು. ಆದರೆ ನನಗೆ ಬರುವುದು ಗಿಲಕ್ ಎನ್ನುವುದೊಂದೇ.

ನನ್ನನ್ನು ಕಾರ್ಡಿನಲ್ ಪೆಟ್ಟಿಗೆಗೆ ಹಾಕಿದರು. ಅಲ್ಲಿ ನನಗೆ ಗುಳಿ ಇರಲಿಲ್ಲ. ಜುಟ್ಟಿನವನ ಮೇಲೂ ನೀಲಿ ಬಂಟಿಂಗಿನ ಮೇಲೂ ಸ್ವಲ್ಪ ಹತ್ತಿ ಹಾಸಿ, ಅಡ್ಡಡ್ಡವಾಗಿ ನನ್ನನ್ನು ಮಲಗಿಸಿದರು. ಮುಚ್ಚಳ ಪೂರ್ತಿ ಕೂರಲಿಲ್ಲ, ದಾರದಿಂದ ಕಟ್ಟಿದರು. ಮದುವೆ ಮನೆಯಲ್ಲಿ ಹೊತ್ತು ಮೀರಿ ಬಂದ ನೆಂಟನ ಹಾಗೆ ಮುದುಡಿಕೊಂಡು ಬಿದ್ದಿದ್ದೆ. ಇನ್ನೂ ಒಂದು ಆಯಿತು. ಕೆಂಪು ಜುಟ್ಟಿನ, ಬೂದು ಬೆನ್ನಿನ ಇನ್ನೊಬ್ಬನಿದ್ದಾನೆ. ಅವನನ್ನು ಕರೆಯುವುದೇ ಕಾರ್ಡಿನಲ್ ಎಂದು, ಆದರೆ ಅವನು ನಿಜವಾಗಿ ಟ್ಯಾನೇಜರ್ ವಂಶದವನಂತೆ! ಅವನನ್ನು ಬೇರೊಂದು ಪೆಟ್ಟಿಗೆಯಿಂದ ಎತ್ತಿ ತಂದು ನನ್ನ ಗುಳಿಗೆ ಹಾಕಿದರು. ಜುಟ್ಟು ಹಿಡಿಸದೆ ಅವನೂ ಒದ್ದಾಡಿದ. ಹೆಸರು ಒಂದು, ಮನೆ ಒಂದು. ನಮ್ಮಿಬ್ಬರ ಪಾಡು ನೋಡಿ ನೀವು ನಗಬಹುದು. ತೇಜು ನಗಲಿಲ್ಲ. ನನ್ನ ಗುಳಿಯಲ್ಲಿ ಬೇರೆಯವನು ಮಲಗಿದ್ದನ್ನು ಕಣ್ಣು ಮಿಟುಕಿಸದೆ ನೋಡಿದಳು.

ಆ ಯುಗಾದಿಗೆ ಸಿದ್ದರಾಜು ಬಂದಾಗ ಮುಖ ಅರಳಿತ್ತು. ಎರಡು ಕೋಣೆಯ ಮನೆ ಆಗಿದೆ, ಹೆಂಡತಿಯೂ ಒಪ್ಪಿದ್ದಾಳೆ, ಪರೀಕ್ಷೆ ಮುಗಿದ ಮೇಲೆ ಮಗುವನ್ನು ಕರೆದುಕೊಂಡು ಹೋಗುತ್ತೇನೆ, ಅಲ್ಲೇ ಶಾಲೆಗೆ ಸೇರಿಸುತ್ತೇನೆ ಎಂದರು.

"ಸರಿ. ನಿಮ್ಮ ಮಗು," ಎಂದರು ಮೇಡಂ.

ಅವತ್ತಿನಿಂದ ಮನೆಯ ಸದ್ದು ಬದಲಾಯಿತು. ಶಾಲೆಯಿಂದ ಬಂದ ತೇಜು ಸ್ಟೂಲು ಹತ್ತುವುದನ್ನು ಬಿಟ್ಟಳು. ಮೇಡಂ ಅವಳ ಬಟ್ಟೆಗಳಿಗೆಲ್ಲ ಇಸ್ತ್ರಿ ಹಾಕಿದರು. ಒಂದೇ ಫ್ರಾಕನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದರು. ತಪ್ಪು ಪೆಟ್ಟಿಗೆಯಲ್ಲಿರುವ ಹಕ್ಕಿಯನ್ನು ಕಂಡೂ ಸುಮ್ಮನಿರಲಾಗದ ಜೀವ ಅದು. ಅದೇ ನಿಯತ್ತಿನಿಂದ ಮಗುವನ್ನೂ ಕಳಿಸಲು ಹೊರಟಿದ್ದರು. ಎಷ್ಟು ನೋಯುತ್ತಿದೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ.

ಹೊರಡುವ ದಿನ ಬೆಳಿಗ್ಗೆ ಮೇಡಂ ಸ್ನಾನಕ್ಕೆ ಹೋಗಿದ್ದಾಗ ತೇಜು ಸ್ಟೂಲು ಎಳೆದಳು. ದಾರ ಬಿಚ್ಚಿ, ನನ್ನನ್ನು ಎತ್ತಿ, ಸದ್ದಾಗದಂತೆ ಎರ‍ಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಒಂದು ಫ್ರಾಕಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ತುರುಕಿದಳು. ಕತ್ತಲು, ಸೋಪಿನ ವಾಸನೆ. ನಾನು ಉಸಿರು ಬಿಗಿಹಿಡಿದು ಬಿದ್ದಿದ್ದೆ.

ಸಿದ್ದರಾಜು ಬಂದರು. ಉಪ್ಪಿಟ್ಟು, ಕಾಫಿ ಆಯಿತು. ಶಾಲೆಯ ಟಿ.ಸಿ. ಎಲ್ಲಿದೆ, ಕೆಮ್ಮು ಬಂದರೆ ಯಾವ ಔಷಧ, ಜಡೆ ಬಿಗಿಯಾಗಿ ಹಾಕಿದರೆ ತಲೆನೋವು ಬರುತ್ತದೆ ಎಂದು ಮೇಡಂ ಪಾಠ ಒಪ್ಪಿಸಿದ ಹಾಗೆ ಹೇಳುತ್ತಲೇ ಇದ್ದರು. "ಆಯ್ತು ಮೇಡಂ, ಬಸ್ಸಿಗೆ ಹೊತ್ತಾಯ್ತದೆ," ಎಂದು ಸಿದ್ದರಾಜು ಬ್ಯಾಗು ಎತ್ತಿದರು.

ನಾನು ಗಿಲಕ್ ಎಂದೆ.

"ಏನವ್ವ ಇದು, ಬ್ಯಾಗ್ನಾಗೆ ಗಿಲಕಿ ಮಡೀಕಂಡಿದ್ದೀಯ?" ಎಂದು ಅವರು ನಕ್ಕರು. ಮೇಡಂಗೆ ಆ ಸದ್ದು ಯಾರದೆಂದು ಹೇಳಬೇಕೆ? ಬ್ಯಾಗು ಬಿಚ್ಚಿ ನನ್ನನ್ನು ಹೊರತೆಗೆದರು.

"ತೇಜು, ಇದು ಪಾಠದ ಹಕ್ಕಿ. ಪೆಟ್ಟಿಗೇಲಿ ಇರಬೇಕಾದ್ದು."

"ಯಾವ ಪೆಟ್ಟಿಗೇಲಿ?" ಎಂದಳು ತೇಜು. "ಇವನ ಜಾಗದಲ್ಲಿ ಬೇರೆಯವನ್ನ ಹಾಕಿದ್ದೀರಾ. ಆ ಪೆಟ್ಟಿಗೇಲಿ ಇವನಿಗೆ ಗುಳಿನೇ ಇಲ್ಲ, ಅಡ್ಡ ಮಲಗಿದಾನೆ. ರಕ್ತ ನೋಡಿ ಇವನ್ನ ಕಳಿಸಿಬಿಟ್ರಿ. ಈಗ ನನ್ನೂ ಕಳಿಸ್ತಿದ್ದೀರಾ. ನಾನು ತಪ್ಪು ಮನೇಲಿದ್ನಾ ಮೇಡಮ್ಮ ಇಷ್ಟು ದಿನ?"

ಮೇಡಂ ನೆಲದ ಮೇಲೆ ಕುಳಿತುಬಿಟ್ಟರು. ಇಸ್ತ್ರಿ ಮಾಡಿದ ಸೀರೆಯಲ್ಲಿ ಅವರು ಹಾಗೆ ಕುಸಿದು ಕುಳಿತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರ ಬೆರಳುಗಳು ನನ್ನನ್ನು ಸುತ್ತಿಕೊಂಡಿದ್ದವು.

"ಇಲ್ಲಮ್ಮ, ಇಲ್ಲ," ಎಂದರು. "ಪೆಟ್ಟಿಗೆ ಇರೋದು ಯಾರು ಯಾರಿಗೆ ಸಂಬಂಧ ಅಂತ ತಿಳ್ಕೊಳ್ಳೋಕೆ. ಯಾರು ಎಲ್ಲಿ ಬದುಕಬೇಕು ಅಂತ ಹೇಳೋಕಲ್ಲ. ನಿಜವಾದ ಹಕ್ಕಿ ಯಾವುದಾದ್ರೂ ಪೆಟ್ಟಿಗೇಲಿ ಇರುತ್ತಾ? ಅದಕ್ಕೆ ಗೂಡಿರುತ್ತೆ."

"ಹಂಗಾದ್ರೆ ನನ್ನ ಯಾಕೆ ಕಳಿಸ್ತಿದ್ದೀರಾ?"

ಮೇಡಂ ತಲೆಯೆತ್ತಿ ಸಿದ್ದರಾಜುವನ್ನು ನೋಡಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಸಿದ್ದರಾಜು, ಇವಳನ್ನ ಬಿಟ್ಟು ನನಗೆ ಇರೋಕಾಗಲ್ಲ. ಕೇಳೋ ಹಕ್ಕು ನನಗಿಲ್ಲ. ಆದರೂ ಕೇಳ್ತಿದ್ದೀನಿ. ಇವಳನ್ನ ನನ್ನ ಹತ್ತಿರ ಬಿಡಿ."

ಸಿದ್ದರಾಜು ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟರು.

"ಇದ್ನ ಮೊದ್ಲೇ ಯೋಳ್ಬಾರ್ದಾಗಿತ್ತಾ ಮೇಡಂ?" ಎಂದರು. "ವರ್ಸಾ ವರ್ಸಾ ಬಂದಾಗ್ಲೂ ನಿಮ್ ಮಗು, ಕರ್ಕೊಂಡೋಗಿ ಅಂತಿದ್ರಿ. ಒಂಟಿ ಯಂಗ್ಸು, ನಮ್ಮಗು ಅವ್ರಿಗೆ ಭಾರ ಆಯ್ತದೆ, ಬಾಯ್ಬಿಟ್ಟು ಯೋಳಕ್ಕೆ ಸಂಕೋಚ ಅಂತ ನಾನು ತಿಳ್ಕಂಡೆ. ಅದ್ಕೇ ಬಿರ್ರನೆ ಮನೆ ಕಟ್ದೆ."

"ನಿಮ್ಮ ಅಕ್ಕನ ಮಗು. ನಾನು ಹಿಡ್ಕೊಂಡರೆ ನಿಮಗೆ ಅನ್ಯಾಯ ಆಗುತ್ತೆ ಅಂತ ನಾನು ತಿಳ್ಕೊಂಡೆ," ಎಂದರು ಮೇಡಂ.

ನೋಡಿ, ಎಂಥ ಮರ್ಯಾದಸ್ಥರು! ಇವರಿಗೆ ತೊಂದರೆಯಾಗಬಾರದೆಂದು ಅವರು, ಅವರಿಗೆ ಅನ್ಯಾಯವಾಗಬಾರದೆಂದು ಇವರು, ನಡುವೆ ನಲುಗಿದ್ದು ಒಂದು ಮಗು. ನನ್ನ ಒಳಗಿನ ಹರಳುಗಳಿಗೆ ಇದ್ದಷ್ಟು ಬಾಯಿ ಇವರಿಬ್ಬರಿಗೆ ಇದ್ದಿದ್ದರೆ ಯಾವಾಗಲೋ ಮುಗಿದುಹೋಗುತ್ತಿತ್ತು.

ಸಿದ್ದರಾಜು ತೇಜುವಿನ ತಲೆ ಸವರಿದರು. "ನಿಂಗೆ ಅಂತ ಮಂಚ ತಂದಾಕಿವ್ನಿ ಕಣವ್ವ. ಇರ್ಲಿ. ದಸರಾ ರಜ, ಬ್ಯಾಸ್ಗೆ ರಜ ಆ ಮಂಚ ನಿಂದೇಯ. ಬತ್ತೀಯ ತಾನೆ?"

"ಬರ್ತೀನಿ ಮಾವ," ಎಂದಳು ತೇಜು. ಹೇಳುವಾಗಲೂ ಅವಳ ಒಂದು ಕೈ ಮೇಡಂ ಸೆರಗನ್ನು ಹಿಡಿದೇ ಇತ್ತು.

ಅವತ್ತು ಬಸ್ಸು ತಪ್ಪಿತು. ಸಿದ್ದರಾಜು ಮಧ್ಯಾಹ್ನ ಬೆಂಡೆಕಾಯಿ ಹುಳಿ ಉಂಡು, ಸಂಜೆಯ ಬಸ್ಸಿಗೆ ಒಬ್ಬರೇ ಹೋದರು. ಬಾಗಿಲಲ್ಲಿ ನಿಂತು ಮೇಡಂ, "ಮತ್ತೆ ಬನ್ನಿ, ನಿಮ್ಮ ಮಗುನ ನೋಡೋಕೆ," ಎಂದು ಶುರುಮಾಡಿ, ತಡೆದು, "ನಮ್ಮ ಮಗುನ ನೋಡೋಕೆ," ಎಂದರು.

ಮರುದಿನವೇ ನನ್ನನ್ನೂ ಕಾರ್ಡಿನಲ್ ಪೆಟ್ಟಿಗೆಯನ್ನೂ ಬುಡೇನ್ ಸಾಬರ ಬಳಿಗೆ ತಂದರು. ಮೇಡಂಗೆ ಸತ್ಯ ಸತ್ಯವೇ. ನಾನು ಕಾರ್ಡಿನಲ್ ವಂಶದವನೆಂದು ತಿಳಿದ ಮೇಲೆ ಪಾಠದ ಮೇಜಿನ ಮೇಲೆ ನನ್ನ ಜಾಗ ಅಲ್ಲಿಯೇ. ಆದರೆ ಅಡ್ಡಡ್ಡ ಮಲಗಿಸುವುದು ಬೇಡ, ಸರಿಯಾದ ಗುಳಿ ಕೊರೆಯಿರಿ ಎಂದರು. ಸಾಬರು ಕನ್ನಡಕ ಏರಿಸಿ ನನ್ನನ್ನು ಅಳೆದರು. "ಎಲ್ಲಾ ಒಂದೇ ಕೊಂಬೆ ಮರ ಮೇಡಂ, ಯಾವ ಮನೆಗೆ ಹಾಕಿದ್ರೂ ಬೇಜಾರು ಮಾಡ್ಕೊಳ್ಳಲ್ಲ," ಎನ್ನುತ್ತಾ ಉಳಿ ಹಿಡಿದರು. ಹೊಸ ಗುಳಿಯಲ್ಲಿ ಹಾಯಾಗಿ ಮಲಗಿದೆ. ಜುಟ್ಟಿನವನು ಈಗ ನನಗೆ ಅಣ್ಣನೋ ದಾಯಾದಿಯೋ ಏನೋ ಆಗಬೇಕು. ಮಾತುಕತೆ ಇನ್ನೂ ಅಷ್ಟಕ್ಕಷ್ಟೇ.

ಇನ್ನೊಂದು ಹೊಸ ಪದ್ಧತಿ ಶುರುವಾಯಿತು. ಪಾಠವಿದ್ದ ದಿನ ಮಾತ್ರ ನನಗೆ ಪೆಟ್ಟಿಗೆ. ಪಾಠ ಮುಗಿದು ಆಟೋ ಮನೆಗೆ ಬಂದೊಡನೆ ತೇಜು ನನ್ನನ್ನು ಹೊರತೆಗೆದು ತನ್ನ ಓದುವ ಮೇಜಿನ ಮೇಲೆ ಇಡುತ್ತಿದ್ದಳು. ಮೇಡಂ ಬೇಡವೆನ್ನಲಿಲ್ಲ. ತೇಜು ಮೇಡಮ್ಮ ಎನ್ನುವುದನ್ನು ಬಿಡಲಿಲ್ಲ. ಆದರೆ ನೀವು, ಬನ್ನಿ, ಕೂತ್ಕೊಳ್ಳಿ ಎನ್ನುವುದು ತಾನಾಗಿಯೇ ನೀನು, ಬಾ, ಕೂತ್ಕೋ ಆಯಿತು. ಅಮ್ಮಂದಿರಿಗೆ ಮಕ್ಕಳು ಮಾತಾಡುವ ಹಾಗೆ.

ಈಗ ನನಗೆ ವಯಸ್ಸಾಗಿದೆ. ಎದೆಯ ಮೇಲೆ ಅರಗು ಚಕ್ಕೆ ಎದ್ದಿದೆ. ಎಡರೆಕ್ಕೆಯ ತುದಿ ಮುರಿದಿದೆ. ಬುಡೇನ್ ಸಾಬರು ತೀರಿಕೊಂಡರು, ಅವರ ಲೇತಿನ ಮುಂದೆ ಈಗ ಅವರ ಸೊಸೆ ಕೂರುತ್ತಾಳಂತೆ. ಮೇಡಂ ನಿವೃತ್ತರಾಗಿ ಬಹಳ ಕಾಲವಾಯಿತು, ಕಣ್ಣು ಮಂಜಾಗಿದೆ. ತೇಜುವಿಗೆ ರಾಮನಗರದಲ್ಲಿ ಕೆಲಸ, ರೇಷ್ಮೆಗೂಡಿನ ಗುಣ ಪರೀಕ್ಷಿಸುವುದು. ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ. ಮಳೆ ಬಂದು ರೈಲು ತಡವಾದರೆ ಮಾವನ ಮನೆಯ ಮಂಚ ಇದ್ದೇ ಇದೆ.

ಹೋದ ತಿಂಗಳು ಮೇಡಂ ಒಂದು ನಿರ್ಧಾರ ಮಾಡಿದರು. "ಪೆಟ್ಟಿಗೆಗಳು ಮನೇಲಿ ಧೂಳು ತಿನ್ನೋದು ಬೇಡ. ಕಾಲೇಜಿಗೆ ಕೊಟ್ಟುಬಿಡು. ಎಲ್ಲ ಹಕ್ಕಿಗಳನ್ನೂ ಕೊಡಬೇಕು ತೇಜು. ಒಂದೂ ಉಳಿಸಿಕೊಳ್ಳಬಾರದು. ವಂಶ ಅಪೂರ್ಣ ಆಗುತ್ತೆ."

"ಸರಿ ಮೇಡಮ್ಮ," ಎಂದಳು ತೇಜು. ಶನಿವಾರ ಪೆಟ್ಟಿಗೆಗಳನ್ನು ಆಟೋಗೆ ಏರಿಸಿದಳು. ಮೇಜಿನ ಮೇಲಿದ್ದ ನನ್ನನ್ನು ತನ್ನ ಹೆಗಲಚೀಲದಲ್ಲಿ ಹಾಕಿಕೊಂಡಳು.

ಕಾಲೇಜಿನ ಪ್ರಯೋಗಾಲಯಕ್ಕೆ ಹೊಸ ಬಣ್ಣ ಬಂದಿತ್ತು. ಒಕ್ಕಣ್ಣಿನ ಹದ್ದು ಕಾಣಲಿಲ್ಲ. ಹೊಸ ಮೇಷ್ಟ್ರು ಚಿಕ್ಕ ವಯಸ್ಸಿನವರು, ಬಹಳ ಸಂತೋಷಪಟ್ಟು ಒಂದೊಂದೇ ಪೆಟ್ಟಿಗೆ ತೆರೆದು ನೋಡಿದರು. ಕಾರ್ಡಿನಲ್ ಪೆಟ್ಟಿಗೆಯ ಮುಂದೆ ತಡೆದರು.

"ಇಲ್ಲೊಂದು ಗುಳಿ ಖಾಲಿ ಇದೆಯಲ್ಲ. ಹಕ್ಕಿ ಕಳೆದುಹೋಯಿತಾ?"

ತೇಜುವಿನ ಕೈ ಚೀಲದೊಳಗೆ ಬಂತು. ನನ್ನನ್ನು ಹಿಡಿಯಿತು. ಹೊರತೆಗೆಯುತ್ತಾಳೆ ಎಂದು ನಾನು ಅಂದುಕೊಂಡೆ. ಹೋಗಲು ಸಿದ್ಧನಾದೆ ಕೂಡ, ಮೇಡಂ ಮಾತಲ್ಲವೇ. ಆದರೆ ಆ ಕೈ ನನ್ನನ್ನು ಬಿಗಿಯಾಗಿ, ಹರಳುಗಳು ಅಲುಗದಷ್ಟು ಬಿಗಿಯಾಗಿ ಹಿಡಿದುಕೊಂಡಿತು. ಹಿಂದೊಮ್ಮೆ ಎರಡು ಪುಟ್ಟ ಕೈಗಳು ಹಿಡಿದ ಹಾಗೆಯೇ.

"ಕಳೆದುಹೋಗಿಲ್ಲ ಸರ್," ಎಂದಳು ತೇಜು. "ಅವನು ಮನೆಯಲ್ಲಿದ್ದಾನೆ."

ಮನೆಗೆ ಬಂದಾಗ ಮೇಡಂ ಅಡುಗೆಮನೆಯಲ್ಲಿ ತಡವುತ್ತಾ ಕಾಫಿ ಸೋಸುತ್ತಿದ್ದರು.

"ಎಲ್ಲ ಕೊಟ್ಟೆಯಾ?"

"ಎಲ್ಲ ಕೊಟ್ಟೆ," ಎಂದಳು ತೇಜು, ಚೀಲವನ್ನು ಕುರ್ಚಿಯ ಮೇಲೆ ಇಟ್ಟಳು.

ನಾನೇನು ಮಾಡಲಿ? ಗಿಲಕ್ ಎಂದೆ.

ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ತೇಜು ನಾಲಿಗೆ ಕಚ್ಚಿಕೊಂಡು ನಿಂತಳು. ಆಮೇಲೆ ಒಳಗಿನಿಂದ ಅವರ ದನಿ ಕೇಳಿಸಿತು, ಶಾಲೆಯಿಂದ ಬಂದ ಮಗುವನ್ನು ಕೇಳುತ್ತಿದ್ದ ಅದೇ ದನಿ.

"ಬಂದೆಯೇನೇ?"

"ಬಂದೆ ಮೇಡಮ್ಮ," ಎಂದಳು ತೇಜು.